ಗಂಟು ಬಿಚ್ಚುವ ಹಕ್ಕು

ಪಾರಸಿ ಭಾಷೆಯಲ್ಲಿ ಕೊಹಿನೂರ ಎಂದರೆ ಬೆಳಕಿನ ಬೆಟ್ಟ. ಆ ಹೆಸರಿನ ವಜ್ರವನ್ನು ಬಲ್ಲವರು ಲೋಕದಲ್ಲೆಲ್ಲ ಇದ್ದಾರೆ; ಅದೇ ಹೆಸರಿನ ಊರೊಂದು ಬೀದರ ಜಿಲ್ಲೆಯ ಬಸವಕಲ್ಯಾಣದ ಸೀಮೆಯಲ್ಲಿದೆ ಎಂಬುದನ್ನು ಬಲ್ಲವರು ಕಡಿಮೆ. ಈ ಕೊಹಿನೂರದಲ್ಲಿ ವಜ್ರವಿಲ್ಲ. ತೊಗರಿ, ಸೋಯಾ, ಉದ್ದು, ಹೆಸರು, ಜೋಳಗಳನ್ನು ಬೆಳೆಯುವ ಸೀಮೆ ಇದು. ಮಳೆಯಾದರೆ ವರ್ಷಕ್ಕೆ ಒಂದೆರಡು ಬಾರಿ ಹಣದ ಮುಖ ಕಾಣುವ ಸಂಸಾರಗಳು ಇಲ್ಲಿಯವು. ಹೊಲವೊಂದೇ ಸಾಲದೆ ಹೋದಾಗ ಹುಮನಾಬಾದಕ್ಕೋ ಹೈದರಾಬಾದಿಗೋ ಪುಣೆಗೋ ಕೆಲಸ ಹುಡುಕಿ ಹೊರಡುವ ಮಕ್ಕಳು ಇಲ್ಲಿಯವರು. ನಮ್ಮ ಭಾಷೆಯಲ್ಲಿ 'ಸಾಲದು' ಎಂಬ ಮಾತಿಗೂ 'ಸಾಲ' ಎಂಬ ಮಾತಿಗೂ ನಂಟುಂಟೋ ಇಲ್ಲವೋ, ನಿಘಂಟುಕಾರರು ನಿರ್ಣಯಿಸಲಿ; ಸಂಸಾರದಲ್ಲಂತೂ ಅವೆರಡೂ ಒಂದೇ ಹೊಸಿಲನ್ನು ದಾಟಿ ಬರುತ್ತವೆ.

ಈ ವಾರ ಆ ಸೀಮೆಯ ಹೆಸರೆತ್ತಲು ಕಾರಣ ಇದೇ ಸಾಲ. ಅದರಲ್ಲಿಯೂ ಗಂಡಹೆಂಡಿರಿಬ್ಬರೂ ದುಡಿದು ತೀರಿಸಬೇಕಾದ ಮನೆಯ ಸಾಲ. ಈ ವಿಷಯದಲ್ಲಿ ಇಂದು ನಾವು ಕಲಿಯಬೇಕಾದ ಮುಖ್ಯವಾದ ಪಾಠವೊಂದನ್ನು, ಎಂಟುನೂರು ವರ್ಷಗಳಿಗೂ ಹಿಂದೆ, ಅದೇ ಕಲ್ಯಾಣದ ನೆಲದಲ್ಲಿ ಬಾಳಿದ ದಂಪತಿಗಳು ಬದುಕಿ ತೋರಿಸಿದ್ದಾರೆ. ಅವರ ಬಳಿಗೆ ಹೋಗುವ ಮುನ್ನ ನಮ್ಮ ಕಾಲದ ಸಾಲದ ಮುಖವನ್ನು ಸ್ವಲ್ಪ ನೋಡೋಣ.

ನಮ್ಮ ಅಜ್ಜಂದಿರ ಕಾಲದ ಸಾಲಕ್ಕೆ ಒಂದು ಕಟ್ಟೆಯಿತ್ತು, ಒಬ್ಬ ಸಾಹುಕಾರನಿದ್ದ, ಒಂದು ಕೆಂಪು ಹೊದಿಕೆಯ ಲೆಕ್ಕದ ಪುಸ್ತಕವಿತ್ತು. ಸಾಲ ಬೇಕಾದವನು ಹಗಲಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ ಆ ಕಟ್ಟೆಯನ್ನು ಏರಬೇಕು, ತಲೆ ತಗ್ಗಿಸಿ ಕೂಡಬೇಕು. ಅವನು ಮನೆಗೆ ಹಿಂದಿರುಗುವ ಮೊದಲೇ ಸುದ್ದಿ ಅವನ ಹೆಂಡತಿಯ ಕಿವಿಯನ್ನು ಮುಟ್ಟಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ಕ್ರೌರ್ಯವಿತ್ತು, ಮೋಸವಿತ್ತು. ಹೊಲಮನೆಗಳನ್ನು ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಅದನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೆ ಆ ಸಾಲ ಎಲ್ಲರ ಕಣ್ಣಿಗೂ ಕಾಣುತ್ತಿತ್ತು ಎಂಬ ಮಾತು ಮಾತ್ರ ನಿಜ.

ಇಂದಿನ ಸಾಲಕ್ಕೆ ಕಟ್ಟೆಯಿಲ್ಲ. ಅದು ಅಂಗೈಯಷ್ಟು ಅಗಲದ ಹಲಗೆಯಾಗಿ ಅಂಗಿಯ ಜೇಬಿನೊಳಗೆ ಸೇರಿಕೊಳ್ಳುತ್ತದೆ. ಇಲ್ಲವೆ ಮೊಬೈಲಿನ ಗಾಜಿನ ಹಿಂದೆ ಅಡಗಿ ಕೂಡುತ್ತದೆ. ೧೯೫೦ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಹೋಟೆಲುಗಳ ಊಟದ ಬಿಲ್ಲನ್ನು ತಿಂಗಳ ಕೊನೆಗೆ ತೀರಿಸುವ ಅನುಕೂಲಕ್ಕೆಂದು ಡೈನರ್ಸ್ ಕ್ಲಬ್ ಎಂಬ ಸಂಸ್ಥೆಯ ಕಾರ್ಡು ಹುಟ್ಟಿತು. ನಮ್ಮ ದೇಶದ ಬ್ಯಾಂಕುಗಳಲ್ಲಿ ಇಂಥ ಕಾರ್ಡನ್ನು ಮೊದಲು ತಂದದ್ದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ೧೯೮೦ರಲ್ಲಿ. ಆಗ ಅದು ಮುಂಬಯಿಯ ಸಿರಿವಂತರ ಸೊತ್ತು. ಇಂದು ಕಾರ್ಖಾನೆಯಲ್ಲಿ ತಿಂಗಳ ಸಂಬಳಕ್ಕೆ ದುಡಿಯುವ ಹಳ್ಳಿಯ ತರುಣನಿಗೂ ಅದು ಕೇಳದೆಯೇ ದೊರೆಯುವಂತೆ ಕಾಣುತ್ತದೆ.

ಕಾರ್ಡು ತಾನಾಗಿ ಕೆಟ್ಟ ವಸ್ತುವಲ್ಲ. ಇಂದು ಕೊಂಡ ಸಾಮಾನಿನ ಹಣವನ್ನು ಬಿಲ್ಲಿನಲ್ಲಿ ಹೇಳಿದ ದಿನದೊಳಗೆ ಪೂರ್ತಿಯಾಗಿ ಕಟ್ಟಿದರೆ ಬಡ್ಡಿಯೇ ಇಲ್ಲ. ಕಷ್ಟವೆಲ್ಲ ಹುಟ್ಟುವುದು ಅದೇ ಬಿಲ್ಲಿನಲ್ಲಿ ಪೂರ್ತಿ ಬಾಕಿಯ ಪಕ್ಕದಲ್ಲಿ ಸಾಧುವಿನಂತೆ ನಿಂತಿರುವ ಇನ್ನೊಂದು ಅಂಕಿಯಿಂದ. 'ಕನಿಷ್ಠ ಪಾವತಿ' ಎಂದು ಅದರ ಹೆಸರು. ಅದನ್ನಷ್ಟು ಕಟ್ಟಿದರೆ ಈ ತಿಂಗಳು ಯಾರೂ ಬಾಗಿಲು ತಟ್ಟುವುದಿಲ್ಲ, ತಡವಾಯಿತೆಂದು ದಂಡ ಹಾಕುವುದಿಲ್ಲ. ಹೀಗೆ ಅಭಯ ಕೊಡುವ ಆ ಅಂಕಿಯೇ ಮನೆಯನ್ನು ಒಳಗಿನಿಂದ ತಿನ್ನುವ ಗೆದ್ದಲು.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಊರು ಕೊಹಿನೂರವೇ ಇರಲಿ. ಗಂಡ ಹುಮನಾಬಾದದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಸಂಬಳ ತಿಂಗಳಿಗೆ ರೂ. ೧೮,೦೦೦. ಹೆಂಡತಿ ಮನೆಯಲ್ಲಿಯೇ ಹೊಲಿಗೆ ಯಂತ್ರವಿಟ್ಟುಕೊಂಡು ಕುಪ್ಪಸ, ಲಂಗಗಳನ್ನು ಹೊಲಿದು ತಿಂಗಳಿಗೆ ರೂ. ೫,೦೦೦ ಸಂಪಾದಿಸುತ್ತಾಳೆ. ಹಿರಿಯರ ಹೆಸರಿನಲ್ಲಿ ಮೂರು ಎಕರೆ ಹೊಲವಿದೆ; ಅದರ ಮೇಲೆ ಊರ ಸೊಸೈಟಿಯ ಬೆಳೆಸಾಲ ರೂ. ೫೦,೦೦೦. ಮೋಟಾರ್ ಸೈಕಲ್ಲಿನ ಕಂತುಗಳಲ್ಲಿ ಇನ್ನು ರೂ. ೪೦,೦೦೦ ಉಳಿದಿದೆ. ಹೆಂಡತಿ ಮಹಿಳಾ ಸಂಘದಿಂದ ತಂದ ಸಾಲ ರೂ. ೨೫,೦೦೦. ನೆಂಟರಿಂದ ತಂದ ಕೈಗಡ ರೂ. ೧೫,೦೦೦. ಇವೆಲ್ಲದರ ಮೇಲೆ ಗಂಡನ ಕಾರ್ಡಿನ ಬಾಕಿ ರೂ. ೬೦,೦೦೦. ಒಟ್ಟು ಒಂದು ಲಕ್ಷದ ತೊಂಬತ್ತು ಸಾವಿರ. ಈ ಸಂಸಾರ ನನ್ನ ಕಲ್ಪನೆಯದು, ಯಾರ ಮನೆಯನ್ನೂ ಬೊಟ್ಟುಮಾಡಿ ತೋರಿಸುವುದಲ್ಲ; ಆದರೆ ಇದನ್ನು ಓದುವಾಗ ತಮ್ಮ ಮನೆಯ ಗೋಡೆಯೇ ಕಣ್ಣಿಗೆ ಕಟ್ಟಿದಂತಾಗುವ ವಾಚಕರು ಇರಲಾರರೆಂದು ಹೇಳಲಾರೆ.

ಇವರನ್ನು ದುಂದುಗಾರರೆಂದು ಜರೆಯಲು ಆತುರಪಡಬೇಡಿ. ಅರುವತ್ತು ಸಾವಿರದಲ್ಲಿ ದೊಡ್ಡ ಪಾಲು ಆಸ್ಪತ್ರೆಯದು, ಮಗಳ ಶಾಲೆಯ ಶುಲ್ಕದ್ದು, ಮಳೆ ತಪ್ಪಿದ ವರ್ಷದ ಕಿರಾಣಿಯದು ಎಂದಿಟ್ಟುಕೊಳ್ಳಿ. ಹಬ್ಬಕ್ಕೆ ಕೊಂಡ ಸೀರೆಯೂ ದೊಡ್ಡ ಪರದೆಯ ಮೊಬೈಲೂ ಅದರಲ್ಲಿ ಇದ್ದರೆ ಇರಲಿ; ಬಡವರ ಮನೆಯಲ್ಲಿ ಹಬ್ಬ ಬರಬಾರದೆಂದೇನೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಾಲಗಾರನಿಗೆ ಹೇಳುವುದು ಬಹಳ ಸುಲಭ. ಆದರೆ ಸಂಸಾರದಲ್ಲಿ ಹಾಸಿಗೆ ಒಂದೇ, ಮಲಗುವವರು ಇಬ್ಬರು. ಆ ಹಾಸಿಗೆಯ ಅಳತೆ ಇಬ್ಬರಲ್ಲಿ ಒಬ್ಬರಿಗೆ ಗೊತ್ತೇ ಇಲ್ಲದಿದ್ದರೆ ಗಾದೆ ಏನು ಮಾಡೀತು?

ಈಗ ಲೆಕ್ಕಕ್ಕೆ ಬರೋಣ. ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಎಂದು ಹಿಡಿಯೋಣ. ಅನೇಕ ಕಾರ್ಡುಗಳ ದರ ಇದರ ಆಸುಪಾಸಿನಲ್ಲಿಯೇ ಇದೆ. ಅರುವತ್ತು ಸಾವಿರಕ್ಕೆ ಒಂದು ತಿಂಗಳ ಬಡ್ಡಿ ರೂ. ೨,೧೦೦. ಆ ಬಡ್ಡಿಯ ಮೇಲೆ ಸರಕಾರದ ತೆರಿಗೆ ನೂರಕ್ಕೆ ಹದಿನೆಂಟರಂತೆ ರೂ. ೩೭೮. ಬಾಕಿ ರೂ. ೬೨,೪೭೮ಕ್ಕೆ ಏರಿತು. ಕನಿಷ್ಠ ಪಾವತಿ ಅದರಲ್ಲಿ ನೂರಕ್ಕೆ ಐದು ಎಂದರೆ ರೂ. ೩,೧೨೪. ಅದನ್ನು ಕಟ್ಟಿದ ಮೇಲೆ ಉಳಿದದ್ದು ರೂ. ೫೯,೩೫೪. ಮೂರು ಸಾವಿರದ ನೂರಿಪ್ಪತ್ತನಾಲ್ಕು ರೂಪಾಯಿ ಕೈಬಿಟ್ಟು ಹೋಯಿತು. ಸಾಲ ಇಳಿದದ್ದು ಆರುನೂರ ನಲವತ್ತಾರು ರೂಪಾಯಿ!

ಹೀಗೆಯೇ ಹನ್ನೆರಡು ತಿಂಗಳು ತಪ್ಪದೆ ಕಟ್ಟಿದನೆನ್ನಿ. ವರ್ಷದ ಕೊನೆಗೆ ಅವನು ಕಟ್ಟಿದ ಹಣ ಸುಮಾರು ರೂ. ೩೫,೩೦೦, ಉಳಿದ ಸಾಲ ಸುಮಾರು ರೂ. ೫೨,೭೦೦. ಅಂದರೆ ಇಳಿದದ್ದು ಏಳು ಸಾವಿರದ ಮುನ್ನೂರು ಮಾತ್ರ. ಮಿಕ್ಕ ಇಪ್ಪತ್ತೆಂಟು ಸಾವಿರ ಬಡ್ಡಿಗೂ ಬಡ್ಡಿಯ ತೆರಿಗೆಗೂ ಸಂದಿತು. ಇದು ಕೂಡ ಆ ವರ್ಷದಲ್ಲಿ ಕಾರ್ಡಿನಿಂದ ಹೊಸದಾಗಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳದಿದ್ದರೆ ಮಾತ್ರ. ಹಳೆಯ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೆ ಬಡ್ಡಿಯಿಲ್ಲದ ದಿನಗಳ ಸವಲತ್ತು ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ನಮ್ಮ ಹಳ್ಳಿಗಳಲ್ಲಿ ಬಡ್ಡಿಯನ್ನು ಎಣಿಸುವುದು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು. ನೂರಕ್ಕೆ ಎರಡು ರೂಪಾಯಿ ಎಂದರೆ ಹೇಗೋ ನಡೆಯುತ್ತದೆ; ಮೂರು ಎಂದರೆ ಜನ ಹುಬ್ಬು ಗಂಟಿಕ್ಕುತ್ತಾರೆ; ಮೂರೂವರೆ ಕೇಳುವವನನ್ನು ಕಟುಕನೆಂದು ಬೈಯುತ್ತಾರೆ. ಅದೇ ಮೂರೂವರೆ ರೂಪಾಯಿ, ತೆರಿಗೆ ಸೇರಿ ನಾಲ್ಕು ರೂಪಾಯಿಗೂ ಮೇಲೆ, ನುಣುಪಾದ ಕಾಗದದ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿ ಬಂದರೆ ನಾವು ಮರ್ಯಾದೆಯಿಂದ ಒಪ್ಪಿಕೊಳ್ಳುತ್ತೇವೆ. ಸಾಹುಕಾರನ ಮುಖ ಕಾಣದ ಕಾರಣ ಅವನ ಹಲ್ಲೂ ಕಾಣುವುದಿಲ್ಲ.

ಇದಕ್ಕೆ ಕಾನೂನಿನ ಕಟ್ಟು ಇಲ್ಲವೆ ಎಂದು ಕೇಳಬಹುದು. ಕಾರ್ಡಿನ ಬಾಕಿಗೆ ವರ್ಷಕ್ಕೆ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು ೨೦೦೮ರಲ್ಲಿ ತೀರ್ಪು ಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯವು ೨೦೨೪ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಪಡಿಸಿತು; ಬ್ಯಾಂಕುಗಳ ಬಡ್ಡಿಯ ವಿಚಾರ ರಿಸರ್ವ್ ಬ್ಯಾಂಕಿನ ಅಧಿಕಾರಕ್ಕೆ ಸೇರಿದ್ದು ಎಂಬುದು ಅದರ ಅಭಿಪ್ರಾಯ. ಕನಿಷ್ಠ ಪಾವತಿಯನ್ನಷ್ಟೇ ಮಾಡುತ್ತ ಹೋದರೆ ಸಾಲ ತೀರಲು ತಿಂಗಳು, ವರ್ಷಗಳೇ ಹಿಡಿಯುತ್ತವೆ, ಬಡ್ಡಿಯ ಮೇಲೆ ಬಡ್ಡಿ ಬೆಳೆಯುತ್ತದೆ ಎಂಬ ಎಚ್ಚರಿಕೆ ಬಿಲ್ಲಿನಲ್ಲಿಯೇ ಇರಬೇಕೆಂದು ರಿಸರ್ವ್ ಬ್ಯಾಂಕು ೨೦೨೨ರಲ್ಲಿ ನಿರ್ದೇಶಿಸಿದೆ. ಎಚ್ಚರಿಕೆಯೇನೋ ಬರುತ್ತದೆ. ಆದರೆ ಅದನ್ನು ಓದುವವರು ಯಾರು? ಬಿಲ್ಲು ಬರುವುದು ಗಂಡನ ಮೊಬೈಲಿಗೆ.

ವಿಷಯದ ತಿರುಳು ಇಲ್ಲಿದೆ. ಆ ಮನೆಯಲ್ಲಿ ಹೆಂಡತಿ ಕೇಳುತ್ತಾಳೆ: "ಈ ತಿಂಗಳ ಕಾರ್ಡಿಂದು ಕಟ್ಟೀರೇನ್ರೀ?" ಗಂಡ ಹೇಳುತ್ತಾನೆ: "ಕಟ್ಟೀನಿ ತಗೊ." ಅವನು ಸುಳ್ಳು ಹೇಳಲಿಲ್ಲ, ಮೂರು ಸಾವಿರದ ನೂರಿಪ್ಪತ್ತನಾಲ್ಕು ರೂಪಾಯಿ ಕಟ್ಟಿಯೇ ಇದ್ದಾನೆ. ಆದರೆ ಅವಳಿಗೆ ಅರ್ಥವಾದದ್ದು ಸಾಲ ತೀರುತ್ತ ಬಂತೆಂದು. ನಿಜವನ್ನೇ ಹೇಳಿ ನಿಜವನ್ನು ಮುಚ್ಚುವ ಈ ವಿದ್ಯೆಯನ್ನು ಕಾರ್ಡು ಸಂಸಾರಕ್ಕೆ ಕಲಿಸಿದೆ. ಗಂಡನೊಬ್ಬನನ್ನೇ ಅಪರಾಧಿಯೆಂದು ನಿಲ್ಲಿಸುವುದೂ ಸರಿಯಲ್ಲ. ತವರಿನ ತಮ್ಮನ ಕಷ್ಟಕ್ಕೆಂದು ಕಿವಿಯ ಓಲೆಯನ್ನು ಗುಟ್ಟಾಗಿ ಒತ್ತೆಯಿಟ್ಟು, ಮುರಿದಿದೆ, ಅಕ್ಕಸಾಲಿಗನ ಅಂಗಡಿಯಲ್ಲಿದೆ ಎಂದು ಹೇಳುವ ಹೆಂಗಸರೂ ಇದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದೇ ಮುಚ್ಚುತ್ತಾರೆ. ಮುಚ್ಚಿದ್ದು ಬೆಳೆಯುತ್ತದೆ.

ಇನ್ನು ಕಲ್ಯಾಣಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳ ಹೆಸರನ್ನು ಕೇಳದ ಕನ್ನಡಿಗನಿಲ್ಲ. ರಾಯಚೂರು ಸೀಮೆಯ ಅಮರೇಶ್ವರದ ಕಡೆಯಿಂದ ಬಂದವರೆಂದು ಹೇಳುತ್ತಾರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದ ತಾವು ಉಂಡು ಜಂಗಮರಿಗೂ ಉಣಬಡಿಸುವುದು ಆ ಮನೆಯ ನಿತ್ಯವ್ರತ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಗಂಟು ಬಿಚ್ಚಿ ನೋಡಿದಳು. ಇದು ನಮ್ಮ ನಿತ್ಯದ ಅಳತೆಯಲ್ಲವೆಂದು ತಿಳಿದಳು. ಹೆಚ್ಚಿನದನ್ನು ಅಲ್ಲಿಯೇ ಹಿಂದಕ್ಕೆ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಮಾರಯ್ಯ ಹೋಗಿ ಸುರಿದು ಬಂದ. ಕಥೆ ಇಷ್ಟೆ.

ತರಗತಿಗಳಲ್ಲಿ ನಾವು ಈ ಕಥೆಯನ್ನು ವೈರಾಗ್ಯದ ನಿದರ್ಶನವೆಂದು ಹೇಳುತ್ತೇವೆ. ಆಸೆ ಸಲ್ಲದೆಂದು ಉಪದೇಶ ಮಾಡಿ ಮುಗಿಸುತ್ತೇವೆ. ನನಗೆ ಅದರಲ್ಲಿ ವೈರಾಗ್ಯಕ್ಕಿಂತ ಮೊದಲು ಲೆಕ್ಕ ಕಾಣುತ್ತದೆ. ಲಕ್ಕಮ್ಮನಿಗೆ ತನ್ನ ಮನೆಯ ಒಂದು ದಿನದ ಅಕ್ಕಿ ಎಷ್ಟೆಂಬುದು ಗೊತ್ತಿತ್ತು. ಗಂಟು ಕೈಗೆ ಬಂದೊಡನೆ ಹೆಚ್ಚುಕಡಿಮೆ ತಿಳಿಯುವಷ್ಟು ಗೊತ್ತಿತ್ತು. ಎರಡನೆಯದಾಗಿ, ಗಂಡ ತಂದ ಗಂಟನ್ನು ಬಿಚ್ಚಿ ನೋಡುವ ಹಕ್ಕು ಅವಳಿಗಿತ್ತು. ಮೂರನೆಯದಾಗಿ, ಇದೆಲ್ಲಿಂದ ಬಂತು ಎಂದು ಅವಳು ಕೇಳಿದಾಗ ಮಾರಯ್ಯನ ಗಂಡಸುತನಕ್ಕೆ ಕುಂದು ಬರಲಿಲ್ಲ. ಲಕ್ಕಮ್ಮ ಸ್ವತಃ ವಚನಕಾರ್ತಿ. ಅವಳ ಅಂಕಿತದಲ್ಲಿ ಗಂಡನ ಹೆಸರೂ ದೇವರ ಹೆಸರೂ ಒಟ್ಟಿಗೆ ಕೂಡಿ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂದಾಗಿದೆ. ಗಂಡನನ್ನು ಪ್ರಶ್ನಿಸಿದವಳೂ ಅವಳೇ, ಅವನ ಹೆಸರನ್ನು ದೇವರ ಹೆಸರಿನೊಡನೆ ಇರಿಸಿಕೊಂಡವಳೂ ಅವಳೇ. ಲೆಕ್ಕ ಕೇಳಿದರೆ ಪ್ರೀತಿ ಕಡಿಮೆಯಾಗುತ್ತದೆ ಎನ್ನುವವರು ಇದನ್ನು ನೆನೆಯಬೇಕು.

ಇನ್ನೊಂದು ಜೋಡಿ ಮೋಳಿಗೆ ಮಾರಯ್ಯ, ಮಹಾದೇವಿಯರದು. ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮದೊಡನೆ ಇವರ ನೆನಪು ಹೆಣೆದುಕೊಂಡಿದೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು, ಕಟ್ಟಿಗೆಯ ಹೊರೆ ಹೊತ್ತು ಮಾರಿ ಜೀವಿಸಿದರೆಂಬುದು ಪರಂಪರೆಯ ಮಾತು. ಅವರ ಬಡತನವನ್ನು ಕೇಳಿ ಬಸವಣ್ಣನವರು ಮಾರಯ್ಯನಿಲ್ಲದ ಹೊತ್ತಿನಲ್ಲಿ ಜಂಗಮವೇಷದಿಂದ ಬಂದು, ಅಂಬಲಿಯ ಪ್ರಸಾದ ಸ್ವೀಕರಿಸಿ, ಯಾರಿಗೂ ತಿಳಿಯದಂತೆ ಹೊನ್ನಿನ ಗಂಟನ್ನು ಇಟ್ಟುಹೋದರಂತೆ. ಮಾರಯ್ಯ ಮನೆಗೆ ಬಂದಾಗ ಗಂಟು ಕಣ್ಣಿಗೆ ಬಿತ್ತು. ತಾನು ದುಡಿಯದ ಹೊನ್ನು ತನ್ನ ಮನೆಯಲ್ಲಿರಬಾರದೆಂದು ಅದನ್ನು ಜಂಗಮರಿಗೆ ಹಂಚಿಬಿಟ್ಟ. ಪ್ರೀತಿಯಿಂದ ಇಟ್ಟ ಹೊನ್ನೇ ಆದರೂ ಗುಟ್ಟಾಗಿ ಬಂದದ್ದು ಆ ಮನೆಗೆ ಒಗ್ಗಲಿಲ್ಲ. ಅಲ್ಲಿ ಗುಟ್ಟಾಗಿ ಬಂದದ್ದು ದಾನ. ನಮ್ಮ ಮನೆಗಳಿಗೆ ಗುಟ್ಟಾಗಿ ಬರುವುದು ಬಡ್ಡಿಯ ಹಣ.

ಶರಣರ ಕಾಲದ ಧರ್ಮವನ್ನು ಇಂದಿನ ಸಂಸಾರದ ಮೇಲೆ ಹೇರುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಯ ಬಿಲ್ಲು ಬಂದಾಗ ಸಾಲ ಮಾಡಬೇಡಿ ಎನ್ನುವುದು ನಿರ್ದಯತೆ. ಆದರೆ ಗಂಟು ಬಿಚ್ಚುವ ಹಕ್ಕನ್ನು ಮಾತ್ರ ಲಕ್ಕಮ್ಮನಿಂದ ಎರವಲು ಪಡೆಯಬಹುದು, ಅದಕ್ಕೆ ಬಡ್ಡಿಯಿಲ್ಲ. ಸಾಲ ತೀರಿಸುವ ಮೊದಲ ಕಂತು ಹಣದ್ದಲ್ಲ, ಮಾತಿನದು.

ಒಂದು ಸಂಜೆ, ಮಕ್ಕಳು ಮಲಗಿದ ಮೇಲೆ, ಗಂಡಹೆಂಡಿರು ಎರಡು ರೂಪಾಯಿ ಹಾಳೆಯ ಮುಂದೆ ಕುಳಿತುಕೊಳ್ಳಲಿ. ಯಾರ ಸಾಲ, ಎಷ್ಟು, ತಿಂಗಳಿಗೆ ನೂರಕ್ಕೆ ಎಷ್ಟು ಬಡ್ಡಿ, ಯಾವ ತಾರೀಖಿಗೆ ಕಟ್ಟಬೇಕು ಎಂಬ ನಾಲ್ಕು ಕಲಮುಗಳನ್ನು ಎಳೆದು ಎಲ್ಲವನ್ನೂ ಬರೆಯಲಿ. ಕಾರ್ಡನ್ನು ಬಿಟ್ಟು ಬರೆಯುವಂತಿಲ್ಲ. ಒತ್ತೆಯಿಟ್ಟ ಓಲೆಯನ್ನೂ ಬಿಡುವಂತಿಲ್ಲ. ಆ ಸಂಜೆ ಯಾರೂ ಯಾರನ್ನೂ ಹಳಿಯಬಾರದೆಂಬ ಒಂದು ಕರಾರು ಇರಲಿ. ಕಣ್ಣೀರು ಬಂದರೆ ಬರಲಿ. ಮರುದಿನದಿಂದ ಬೇರೆ ಬೇರೆ ಹೊತ್ತ ಭಾರವನ್ನು ಇಬ್ಬರೂ ಕೂಡಿ ಹೊರಬಹುದು.

ಬರೆದ ಮೇಲೆ ಸಾಲಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ. ಎಲ್ಲ ಸಾಲವೂ ಒಂದೇ ಜಾತಿಯದಲ್ಲ. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿಯಿಲ್ಲ. ಆ ಮಿತಿಯನ್ನು ೨೦೨೩ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆದರೆ ಈ ಸವಲತ್ತು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದರೆ ಬಡ್ಡಿಯಿಲ್ಲದ ಸಾಲ ಬಡ್ಡಿಯ ಸಾಲವಾಗುತ್ತದೆ. ಆದುದರಿಂದ ಸೊಸೈಟಿಯ ತಾರೀಖನ್ನು ಕಾಪಾಡಿಕೊಳ್ಳಬೇಕು. ಸುಗ್ಗಿಯ ಹಣ ಬಂದಾಗ ಮೊದಲ ಪಾಲು ಅದಕ್ಕೆ. ಸಂಘದ ಸಾಲ, ಮೋಟಾರ್ ಸೈಕಲ್ಲಿನ ಕಂತುಗಳು ತಮ್ಮ ದಿನಕ್ಕೆ ನಡೆಯಲಿ. ಕೈಗಡ ಕೊಟ್ಟ ನೆಂಟರ ಬಳಿಗೆ ಹೋಗಿ, ಇಂಥ ತಿಂಗಳಿನಿಂದ ಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಲಿ. ತಪ್ಪಿಸಿಕೊಂಡು ತಿರುಗುವುದರಿಂದ ಹಣದ ಜೊತೆಗೆ ನೆಂಟಸ್ತಿಕೆಯೂ ಹೋಗುತ್ತದೆ. ಉಳಿದ ಬಲವನ್ನೆಲ್ಲ ಕಾರ್ಡಿನ ಮೇಲೆ ಹಾಕಬೇಕು.

ಕಾರ್ಡಿನಿಂದ ಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ, ಇಬ್ಬರೂ ಸೇರಿ ತಿಂಗಳಿಗೆ ರೂ. ೬,೦೦೦ ಕಟ್ಟುವ ಸಂಕಲ್ಪ ಮಾಡಿದರೆಂದು ತಿಳಿಯೋಣ. ಕನಿಷ್ಠ ಪಾವತಿಗಿಂತ ಇದು ಸುಮಾರು ಎರಡು ಸಾವಿರದ ಒಂಬೈನೂರು ಹೆಚ್ಚು. ಅದನ್ನು ಹೊಂದಿಸುವುದು ಸುಲಭವಲ್ಲ, ಹೆಂಡತಿ ಇನ್ನಷ್ಟು ಕುಪ್ಪಸ ಹೊಲಿಯಬೇಕಾದೀತು, ಗಂಡ ರಾತ್ರಿಯ ಪಾಳಿಯನ್ನು ಕೇಳಿಕೊಳ್ಳಬೇಕಾದೀತು. ಆದರೆ ಫಲವನ್ನು ನೋಡಿ: ಹದಿಮೂರು ಕಂತುಗಳು ಮುಗಿದಾಗ ಉಳಿಯುವುದು ಒಂದು ಸಾವಿರದೊಳಗೆ, ಹದಿನಾಲ್ಕನೆಯ ತಿಂಗಳು ಕಾರ್ಡು ತೀರಿತು. ಒಟ್ಟು ಕಟ್ಟಿದ್ದು ಸುಮಾರು ರೂ. ೭೯,೦೦೦. ಹತ್ತೊಂಬತ್ತು ಸಾವಿರ ಬಡ್ಡಿಗೆ ಹೋದರೂ, ಸಾಲಕ್ಕೆ ಒಂದು ಕೊನೆ ಇದೆಯೆಂದು ಕಂಡಿತು. ಇಬ್ಬರೂ ದಿನ ಎಣಿಸಬಹುದು.

ಇಲ್ಲಿ ಚಿನ್ನದ ಮಾತು ಬಂದೇ ಬರುತ್ತದೆ. ಬ್ಯಾಂಕಿನಲ್ಲಿ ಒಡವೆಯ ಮೇಲೆ ಸಿಗುವ ಸಾಲದ ಬಡ್ಡಿ ಕಾರ್ಡಿನ ಬಡ್ಡಿಗಿಂತ ಬಹಳ ಕಡಿಮೆ. ವರ್ಷಕ್ಕೆ ನೂರಕ್ಕೆ ಹನ್ನೆರಡು ಎಂದೇ ಹಿಡಿದರೂ, ಅರುವತ್ತು ಸಾವಿರ ತಂದು ಕಾರ್ಡನ್ನು ಒಮ್ಮೆಲೇ ತೀರಿಸಿ, ತಿಂಗಳಿಗೆ ಅದೇ ರೂ. ೬,೦೦೦ದಂತೆ ಬ್ಯಾಂಕಿಗೆ ಕಟ್ಟಿದರೆ ಹನ್ನೊಂದು ತಿಂಗಳಲ್ಲಿ ಮುಗಿಯುತ್ತದೆ; ಬಡ್ಡಿ ಸುಮಾರು ರೂ. ೩,೫೦೦ ಮಾತ್ರ. ಹತ್ತೊಂಬತ್ತು ಸಾವಿರವೆಲ್ಲಿ, ಮೂರೂವರೆ ಸಾವಿರವೆಲ್ಲಿ! ಆದರೆ ಆ ಚಿನ್ನ ಯಾರದು? ತವರಿನವರು ಕೊಟ್ಟದ್ದು, ಹೊಲಿಗೆಯ ದುಡ್ಡು ಕೂಡಿಸಿ ಮಾಡಿಸಿದ್ದು, ಕೆಟ್ಟ ಕಾಲಕ್ಕೆಂದು ಹೆಂಡತಿ ಕಾಪಾಡಿಕೊಂಡದ್ದು. ಲೆಕ್ಕದ ಹಾಳೆಯನ್ನು ತೋರಿಸದೆ ಅವಳ ಕೊರಳಿನ ಸರವನ್ನು ಕೇಳುವ ಅಧಿಕಾರ ಯಾವ ಗಂಡನಿಗೂ ಇಲ್ಲ. ಮೊದಲು ಹಾಳೆ, ಆಮೇಲೆ ಸರ. ಅವಳು ಒಪ್ಪಿದರೂ ಇನ್ನೊಂದು ಷರತ್ತು ಉಂಟು: ಕಾರ್ಡಿನ ಬಾಕಿ ತೀರಿದ ದಿನವೇ ಆ ಕಾರ್ಡನ್ನು ರದ್ದುಮಾಡಿಸಬೇಕು. ಬಾಕಿಯಿಲ್ಲದ ಕಾರ್ಡನ್ನು ರದ್ದುಮಾಡಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮಾಡಿಕೊಡಬೇಕು, ತಡವಾದರೆ ದಿನಕ್ಕೆ ರೂ. ೫೦೦ರಂತೆ ಗ್ರಾಹಕನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ೨೦೨೨ರ ನಿರ್ದೇಶನ ಹೇಳುತ್ತದೆ. ಹಾಗೆ ಮಾಡದೆ ಕಾರ್ಡನ್ನು ಜೇಬಿನಲ್ಲಿಯೇ ಉಳಿಸಿಕೊಂಡರೆ, ವರ್ಷದೊಳಗೆ ಸರವೂ ಬ್ಯಾಂಕಿನಲ್ಲಿ, ಕಾರ್ಡಿನ ಸಾಲವೂ ತಲೆಯ ಮೇಲೆ.

ಹೆಂಗಸರ ಸಂಘಗಳ ಕಡೆ ಒಮ್ಮೆ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸಹಕಾರ ತತ್ವ ನಮ್ಮ ನಾಡಿಗೆ ಹೊಸದಲ್ಲ. ೧೯೦೫ರಲ್ಲಿಯೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ೧೯೯೨ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು; ಆ ಕೆಲಸದಲ್ಲಿ ಬೀದರದ ಜಿಲ್ಲಾ ಸಹಕಾರಿ ಬ್ಯಾಂಕು ಹೆಸರು ಪಡೆಯಿತು. ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಕುಳಿತ ಹೆಂಗಸರ ನಡುವೆ ಪುಸ್ತಕ ತೆರೆದಿರುತ್ತದೆ. ಯಾರು ಎಷ್ಟು ತಂದರು, ಯಾಕೆ ತಂದರು, ಎಷ್ಟು ಕಟ್ಟಿದರು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಸಾಲ ಅಲ್ಲಿಯೂ ಸಾಲವೇ. ಕಂತು ತಪ್ಪಿದರೆ ಕಷ್ಟ, ಒಬ್ಬಳ ಕಂತನ್ನು ಉಳಿದವರು ಹೊರಬೇಕಾಗಿ ಬಂದು ಜಗಳವಾಗುವುದೂ ಉಂಟು. ಆದರೂ ಈ ವಿಚಿತ್ರವನ್ನು ಗಮನಿಸಿ: ಹೆಂಡತಿಯ ಇಪ್ಪತ್ತೈದು ಸಾವಿರದ ಸಾಲ ಓಣಿಯ ಹೆಂಗಸರಿಗೆಲ್ಲ ಗೊತ್ತು, ಗಂಡನ ಅರುವತ್ತು ಸಾವಿರದ ಸಾಲ ಅವನ ಪಕ್ಕದಲ್ಲಿ ಮಲಗುವವಳಿಗೂ ಗೊತ್ತಿಲ್ಲ.

ಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ಹಿಂಸೆಯ ಮಾತನ್ನೂ ಹೇಳದೆ ಮುಗಿಸಬಾರದು. ಬ್ಯಾಂಕುಗಳ ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಸಾಲಗಾರನಿಗೆ ಫೋನು ಮಾಡಿ ಪೀಡಿಸಕೂಡದೆಂದು ರಿಸರ್ವ್ ಬ್ಯಾಂಕಿನ ಅಪ್ಪಣೆ ಇದೆ. ಬೈಗುಳ, ಬೆದರಿಕೆ, ನೆಂಟರಿಷ್ಟರ ಮುಂದೆ ಮಾನ ಕಳೆಯುವುದು ಯಾವ ಹೊತ್ತಿನಲ್ಲಿಯೂ ಸಲ್ಲದು. ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನಗಳಲ್ಲಿ ಸಮಾಧಾನ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು, ಅದಕ್ಕೆ ಖರ್ಚಿಲ್ಲ. ಕಿರುಸಾಲಗಳ ಬಲಾತ್ಕಾರದ ವಸೂಲಿಯಿಂದ ನಮ್ಮ ರಾಜ್ಯದಲ್ಲಿ ಜೀವಗಳೇ ಹೋದುವು. ಸರಕಾರವು ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ತರುವಾಯ ಅದನ್ನು ಕಾಯ್ದೆಯನ್ನಾಗಿ ಮಾಡಿತು. ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಅದರಲ್ಲಿದೆ. ಬಾಗಿಲಿಗೆ ಬಂದು ಕೂಗಾಡುವವನ ಎದುರು ಸಾಲಗಾರನು ಅಪರಾಧಿಯಂತೆ ನಡುಗಬೇಕಾಗಿಲ್ಲ. ಸಾಲ ಕೊಡಬೇಕಾದ ಹಣ, ಮಾನ ಕೊಡಬೇಕಾದ ಹಣವಲ್ಲ.

ಆದರೆ ಕಾಯ್ದೆ ಹೊರಗಿನ ಬಾಗಿಲನ್ನು ಕಾಯಬಲ್ಲುದು. ಒಳಗಿನ ಬಾಗಿಲನ್ನು ಕಾಯುವವರು ದಂಪತಿಗಳೇ. ಸಾಲದ ಭಾರಕ್ಕೆ ಅಂಜಿ ಪ್ರಾಣ ಕಳೆದುಕೊಂಡವರ ಸುದ್ದಿಗಳನ್ನು ಓದುವಾಗ, 'ಇಷ್ಟು ಸಾಲವಿತ್ತೆಂದು ನಮಗೆ ಗೊತ್ತೇ ಇರಲಿಲ್ಲ' ಎಂಬ ಮನೆಯವರ ಅಳಲನ್ನು ನಾವೆಲ್ಲ ಕೇಳಿದ್ದೇವೆ. ಅಂಥ ಮನೆಗಳಲ್ಲಿ ಒಂದು ಸಂಜೆ ಆ ಹಾಳೆಯನ್ನು ಬರೆದಿದ್ದರೆ ಸಾಲ ಒಂದು ರೂಪಾಯಿಯೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಅದನ್ನು ಹೊರಲು ಇನ್ನೆರಡು ಹೆಗಲುಗಳು ಸಿಗುತ್ತಿದ್ದುವು.

ಬರೆದ ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಅಡುಗೆಮನೆಯ ಗೂಡಿನಲ್ಲಿ, ಅಕ್ಕಿಯ ಡಬ್ಬದ ಪಕ್ಕದಲ್ಲಿ, ಇಬ್ಬರ ಕೈಗೂ ಎಟುಕುವ ಕಡೆ ಇರಲಿ. ತಿಂಗಳಿಗೊಮ್ಮೆ, ಸಂಬಳ ಬಂದ ಸಂಜೆ, ಅದನ್ನು ತೆಗೆದು ಕಟ್ಟಿದ ಕಂತಿನ ಮುಂದೆ ಒಂದು ಗೀಟು ಎಳೆಯಿರಿ. ಒಂದು ತಿಂಗಳು ಗಂಡ ಎಳೆಯಲಿ, ಇನ್ನೊಂದು ತಿಂಗಳು ಹೆಂಡತಿ ಎಳೆಯಲಿ.